ಮೂರನೇ ಪೋರ್ಟಿನ ದೀಪ

ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಗುರುಪಾದ ಹೂಗಾರ ಎಂಬ ಎಂಜಿನಿಯರ್ ಇದ್ದ. ಒಳ್ಳೆಯವನು, ಕೆಲಸ ಬಲ್ಲವನು. ಆದರೆ ಬಹಳ ದಣಿದಿದ್ದ. ದಣಿದವರು ಕೆಟ್ಟವರೇನಲ್ಲ ಮಕ್ಕಳೇ, ನಾನೂ ದಣಿದವನೇ. ಆದರೂ ದಣಿದ ಮನುಷ್ಯ ಏನೇನು ಮಾಡಿಬಿಡುತ್ತಾನೆ ಎಂಬುದು ನಿಮಗೆ ಈಗಲೇ ಗೊತ್ತಿದ್ದರೆ ಒಳ್ಳೆಯದು.

ಆ ಶೆಡ್ಡಿನ ಯಜಮಾನರು ಹಣಮಸಾಗರ ಮಾಸ್ತರು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದವರು, ರಿಟೈರ್ ಆದ ಮೇಲೆ ಸುಮ್ಮನೆ ಕೂರಲಾರದೆ ಈ ಕೆಲಸ ಹಚ್ಚಿಕೊಂಡಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಒಂದೇ ಸಾಮಾನು, ಟಿಫಿನ್ ಡಬ್ಬಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಹೊಳೆಯಿಂದ ಹಳ್ಳಿಗಳಿಗೆ ನೀರು ಎತ್ತುವ ಪಂಪ್‌ಹೌಸುಗಳ ಗೋಡೆಗೆ ಅದನ್ನು ಹಾಕುತ್ತಿದ್ದರು. ಒಟ್ಟು ಅರವತ್ನಾಲ್ಕು ಪಂಪ್‌ಹೌಸು, ಅರವತ್ನಾಲ್ಕು ಪೆಟ್ಟಿಗೆ.

ಪೆಟ್ಟಿಗೆಯ ಮುಖದಲ್ಲಿ ಐದು ಕಿಂಡಿ. ಅವಕ್ಕೆ ಪೋರ್ಟ್ ಎನ್ನುತ್ತಾರೆ. ಮೊದಲನೆಯದಕ್ಕೆ ಪಂಪಿನ ವಾಯರು, ಎರಡನೆಯದಕ್ಕೆ ಆಫೀಸಿಗೆ ಸುದ್ದಿ ಕಳಿಸುವ ರೇಡಿಯೋ, ಮೂರನೆಯದಕ್ಕೆ ಹಿಂದಿನ ದಿಬ್ಬದ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟ ಅಳೆಯುವ ಮೀಟರು. ಉಳಿದೆರಡಕ್ಕೆ ಒಂದು ಕ್ಯಾಮೆರಾ, ಒಂದು ಕರೆಂಟಿನ ಮೀಟರು. ಕಿಂಡಿಗಳ ಹಿಂದೆ, ಪೆಟ್ಟಿಗೆಯ ಹೊಟ್ಟೆಯಲ್ಲಿ, ಸ್ವಿಚ್ ಎಂಬ ಒಂದು ಎಲೆಕ್ಟ್ರಾನಿಕ್ ಚಿಪ್ಪು ಕೂತಿರುತ್ತದೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರ ಹಾಗೆ ಒಂದು ಕಿಂಡಿಯಿಂದ ಬಂದದ್ದನ್ನು ಇನ್ನೊಂದು ಕಿಂಡಿಗೆ ದಾಟಿಸುವುದು ಅದರ ಕೆಲಸ. ಯಾವ ಕಿಂಡಿ ತೆರೆದಿರಬೇಕು, ಯಾವುದು ಮುಚ್ಚಿರಬೇಕು, ಯಾರು ಯಾರ ಜೊತೆ ಮಾತಾಡಬಹುದು ಎಂಬುದನ್ನೆಲ್ಲ ಸಾಫ್ಟ್‌ವೇರು ಹೇಳುತ್ತದೆ. ಹೇಳುವುದೆಂದರೆ ಚಿಪ್ಪಿನೊಳಗಿನ ಸಣ್ಣ ಸಣ್ಣ ಮನೆಗಳಲ್ಲಿ ಅಂಕಿ ಬರೆಯುವುದು. ಆ ಮನೆಗಳಿಗೆ ರಿಜಿಸ್ಟರ್ ಎಂದು ಹೆಸರು. ಆ ಸಾಫ್ಟ್‌ವೇರು ಬರೆದವನೇ ಗುರುಪಾದ.

ಪ್ರತಿ ಪೋರ್ಟಿನ ಮೇಲೆ ಒಂದು ಹಸಿರು ದೀಪ. ವಾಯರು ಸರಿಯಿದ್ದು ಆ ಕಡೆಯ ಯಂತ್ರ ಜೀವಂತವಿದ್ದರೆ ದೀಪ ಉರಿಯುತ್ತದೆ, ಇಲ್ಲದಿದ್ದರೆ ಆರುತ್ತದೆ. ಇಷ್ಟನ್ನು ಚಿಪ್ಪು ತಾನೇ ನೋಡಿಕೊಳ್ಳುತ್ತದೆ, ಯಾರನ್ನೂ ಕೇಳುವುದಿಲ್ಲ. ಆದರೆ ಒಂದು ರಿಜಿಸ್ಟರ್ ಇದೆ. ಅದರಲ್ಲಿ ಒಂದು ಅಂಕಿ ಬರೆದರೆ ಐದೂ ದೀಪಗಳು ವಾಯರಿದ್ದರೂ ಇಲ್ಲದಿದ್ದರೂ ಹೊತ್ತಿಕೊಳ್ಳುತ್ತವೆ. ಪೆಟ್ಟಿಗೆ ಶೆಡ್ಡು ಬಿಡುವ ಮುಂಚೆ ದೀಪಗಳೇನಾದರೂ ಸುಟ್ಟಿವೆಯೋ ಎಂದು ನೋಡಲಿಕ್ಕೆ ಅದನ್ನು ಇಟ್ಟಿದ್ದಾರೆ. ಪರೀಕ್ಷೆಯ ಮೇಜಿನ ಮೇಲಿನ ಹಲಗೆಯಲ್ಲಿ ಮಾಸ್ತರು ಸೀಮೆಸುಣ್ಣದಿಂದ ಬರೆದಿದ್ದರು: ‘ಹತ್ತು ಸೆಕೆಂಡ್. ಆಮೇಲೆ ವಾಪಸ್.’

“ದೀಪ ನಮ್ಮದಲ್ಲೋ ಗುರುಪಾದ,” ಎನ್ನುತ್ತಿದ್ದರು ಅವರು. “ಅದು ಚಿಪ್ಪಿಂದು. ನಾವು ಹತ್ತು ಸೆಕೆಂಡ್ ಕಡಾ ತಂದೀವಿ, ಅಷ್ಟ.”

ಮೀಟರು ಸುಮ್ಮನಾದರೆ ಪೆಟ್ಟಿಗೆಯ ಪರದೆ ಹಳೆಯ ಅಂಕಿಯನ್ನೇ ಹಿಡಿದು ನಿಲ್ಲುತ್ತಿತ್ತು. ಟ್ಯಾಂಕು ಮುಕ್ಕಾಲು ತುಂಬಿದ್ದಾಗ ವಾಯರು ಹೋದರೆ, ಟ್ಯಾಂಕು ಬತ್ತಿದರೂ ಪರದೆಯಲ್ಲಿ ಮುಕ್ಕಾಲೇ, ಪಂಪೂ ಆ ಅಂಕಿ ನಂಬಿ ಚಾಲೂ ಆಗದೆ ನಿಲ್ಲುತ್ತಿತ್ತು. ಅದಕ್ಕೇ ಪಂಪ್ ಆಪರೇಟರುಗಳಿಗೆ ಗುರುಪಾದ ತಾನೇ ಊರೂರಿಗೆ ಹೋಗಿ ಕಲಿಸಿದ್ದ. ಮೊದಲು ದೀಪ ನೋಡಿ, ಆಮೇಲೆ ಅಂಕಿ ನೋಡಿ. ಹಸಿರಿದ್ದರೆ ಅಂಕಿ ನಿಜ. ದೀಪ ಆರಿದ್ದರೆ ನನಗೆ ಫೋನ್ ಮಾಡಿ. ಇಷ್ಟು ಹೇಳಿ ಪ್ರತಿ ಪೆಟ್ಟಿಗೆಯ ಮುಚ್ಚಳದೊಳಗೆ ತನ್ನ ಮೊಬೈಲ್ ನಂಬರಿನ ಚೀಟಿ ಅಂಟಿಸಿ ಬಂದ. ಹೊಸ ಹುರುಪು, ಪಾಪ.

ಫೋನು ಬರತೊಡಗಿದವು. ಕರೆಂಟು ಒಂದು ಸಲ ಕಣ್ಣು ಮಿಟುಕಿಸಿದರೆ ದೀಪ ಆರಿ ಹತ್ತುತ್ತಿತ್ತು, ಆಪರೇಟರು ಫೋನ್ ಮಾಡುತ್ತಿದ್ದರು. ಸಿಡಿಲು ಬಿದ್ದರೆ ಫೋನು, ಮಂಗ ವಾಯರು ಜಗ್ಗಿದರೆ ಫೋನು. ದಿನಕ್ಕೆ ಮೂವತ್ತು, ನಲವತ್ತು. ಉಣ್ಣುವಾಗ ಫೋನು. ಒಮ್ಮೆ ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದಾಗ ಫೋನು ಬಂತು, ಮಾತಾಡುತ್ತ ಎದ್ದವನು ಹಾಗೇ ಶೆಡ್ಡಿಗೆ ಹೋದ. ಮಾಸ್ತರು ಅವನ ಮುಖವನ್ನು ಒಮ್ಮೆ ಎಡಗಡೆಯಿಂದ, ಒಮ್ಮೆ ಬಲಗಡೆಯಿಂದ ನೋಡಿ ಏನೂ ಹೇಳದೆ ಚಹಾ ತರಿಸಿದರು. ಅವನ ತಲೆ ಚಿಟ್ಟು ಹಿಡಿದುಹೋಗಿತ್ತು. ಫೋನು ಸುಮ್ಮನಿದ್ದಾಗಲೂ ಕಿವಿಯಲ್ಲಿ ರಿಂಗಾಗುತ್ತಿತ್ತು.

ಮೊದಲು ಅವನು ಒಂದು ಒಳ್ಳೆಯ ಕೆಲಸವನ್ನೇ ಮಾಡಿದ. ವಾಯರು ಅರ್ಧ ಸೆಕೆಂಡು ತಪ್ಪಿ ಮತ್ತೆ ಕೂಡಿಕೊಂಡರೆ ದೀಪ ಆರದಂತೆ ಸಾಫ್ಟ್‌ವೇರಿನಲ್ಲಿ ತುಸು ತಡಿ ಎಂದು ಚಿಪ್ಪಿಗೆ ಹೇಳುವ ನಾಲ್ಕು ಸಾಲು ಸೇರಿಸಿದ. ಅದರಲ್ಲಿ ತಪ್ಪೇನಿಲ್ಲ. ಫೋನು ಇಪ್ಪತ್ತೈದಕ್ಕೆ ಇಳಿದವು. ಆಮೇಲೆ ಅರ್ಧ ಸೆಕೆಂಡನ್ನು ಐದು ಸೆಕೆಂಡು ಮಾಡಿದ. ಇಪ್ಪತ್ತಕ್ಕೆ ಇಳಿದವು. ಐದು ಸೆಕೆಂಡು ಒಂದು ನಿಮಿಷವಾಯಿತು, ಒಂದು ನಿಮಿಷ ಹತ್ತಾಯಿತು. ಇಳಿಜಾರಿನಲ್ಲಿ ಕಾಲು ನೋಯುವುದಿಲ್ಲ ನೋಡಿ, ಹಾಗೆ ಹೋದ.

ಒಂದು ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚುವಾಗ ಏಳನೇ ಸಲ ಫೋನು ಬಂದಿತ್ತು. ಅವನು ಡಬ್ಬಿ ಮುಚ್ಚಿದ. ಲ್ಯಾಪ್‌ಟಾಪ್ ತೆರೆದು ದೀಪ ಪರೀಕ್ಷೆಯ ರಿಜಿಸ್ಟರಿನಲ್ಲಿ ಆ ಅಂಕಿ ಬರೆದ, ಹತ್ತು ಸೆಕೆಂಡಾದರೂ ವಾಪಸ್ ತೆಗೆಯಲಿಲ್ಲ. ಅದನ್ನೇ ಅರವತ್ನಾಲ್ಕು ಪೆಟ್ಟಿಗೆಗಳಿಗೂ ಕೂತಲ್ಲಿಂದಲೇ ಕಳಿಸಿದ. ‘ನಾಲ್ಕು ದಿನ ಮಾತ್ರ,’ ಎಂದುಕೊಂಡ. ‘ನಾಲ್ಕು ದಿನ ನಿದ್ದೆ ಮಾಡಿದರೆ ತಲೆ ತಿಳಿಯಾಗುತ್ತದೆ, ಆಗ ಸರಿಯಾಗಿ ಬರೆಯುತ್ತೇನೆ.’

ಫೋನು ನಿಂತಿತು. ಎಷ್ಟು ನಿಂತಿತೆಂದರೆ, ಕೆಟ್ಟಿದೆಯೋ ಏನೋ ಎಂದು ಅವನು ಹೆಂಡತಿಯ ಮೊಬೈಲಿನಿಂದ ತನಗೇ ಒಮ್ಮೆ ಫೋನ್ ಮಾಡಿ ನೋಡಿದ. ಕೆಟ್ಟಿರಲಿಲ್ಲ. ಅವತ್ತು ಎರಡು ರೊಟ್ಟಿ ಹೆಚ್ಚು ತಿಂದು ಮಲಗಿದ. ತಿಂಗಳ ಕೊನೆಗೆ ಮಾಸ್ತರು ಗಿರಮಿಟ್ಟು, ಮಿರ್ಚಿ ತರಿಸಿ, “ಗುರುಪಾದನ ಕೈಗುಣ ನೋಡ್ರಪಾ, ಒಂದೂ ಕಂಪ್ಲೇಂಟ್ ಇಲ್ಲ,” ಎಂದು ಎಲ್ಲರೆದುರು ಹೇಳಿದರು. ಗುರುಪಾದನಿಗೆ ಮಿರ್ಚಿ ಗಂಟಲಲ್ಲಿ ಸಿಕ್ಕಿಕೊಂಡಿತು. ನೀರು ಕುಡಿದು ಇಳಿಸಿದ. ನಾಲ್ಕು ದಿನ ಹನ್ನೊಂದು ವಾರವಾಯಿತು.

ಹನ್ನೊಂದನೇ ವಾರದ ಶುಕ್ರವಾರ ಬೆಳಿಗ್ಗೆ ಫೋನು ಬಂತು. ಮೂಡಲಗೇರಿ ಪಂಪ್‌ಹೌಸಿನ ಶಾಂತವ್ವ ಬಾರಕೇರ. ಆ ನೀರಿನ ಯೋಜನೆಯ ಅರವತ್ನಾಲ್ಕು ಆಪರೇಟರುಗಳಲ್ಲಿ ಅವಳೊಬ್ಬಳೇ ಹೆಂಗಸು. ಪಂಪಿನ ಕೋರ್ಸು ಪಾಸು ಮಾಡಿ ಕೆಲಸಕ್ಕೆ ಸೇರಿದ ದಿನದಿಂದ, ಇವಳು ಯಾವಾಗ ಎಡವುತ್ತಾಳೋ ಎಂದು ಊರಲ್ಲಿ ನಾಲ್ಕು ಜನ ಕಾಯುತ್ತಲೇ ಇದ್ದರು. ಅದಕ್ಕೇ ಅವಳು ಎಡವದಂತೆ ನಡೆಯುತ್ತಿದ್ದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ದೀಪ ನೋಡಿ ‘ಐದೂ ದೀಪ ಸರಿ’ ಎಂದು ಡ್ಯೂಟಿ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ.

“ಸರ್, ಎರಡ ದಿನದಿಂದ ಮೂರು ಊರಿಗೆ ನಳದಾಗ ನೀರಿಲ್ರಿ. ಮಂದಿ ಖಾಲಿ ಕೊಡ ತಗೊಂಡ ಬಂದು ಬಾಗಲದಾಗ ನಿಂತಾರ. ಪರದೆದಾಗ ಟ್ಯಾಂಕಿ ಮುಕ್ಕಾಲ ತೋರಸಾಕತ್ತೈತಿ. ಪೈಪ್ ಎಲ್ಲೆರೆ ಒಡದೈತೇನು ಅಂತ ಎರಡೂ ದಿನ ಲೈನ್ ತುಂಬ ತಿರಗೇನ್ರಿ. ಇವತ್ತ ದಿಬ್ಬ ಹತ್ತಿ ಟ್ಯಾಂಕಿನ್ಯಾಗ ಹಣಿಕಿ ಹಾಕಿದ್ರ ತಳಾ ಕಾಣಾಕತ್ತೈತಿ.”

“ವಾಯರ್ ನೋಡಿದ್ರೇನು?” ಎಂದ ಗುರುಪಾದ.

“ನೋಡೇನ್ರಿ. ಹಿಂದ ಇಲಿ ಕಡದೈತಿ. ಅದಕ್ಕ ಈ ಕಡಿಂದೂ ಕಿತ್ತೀನಿ. ಸರ್, ಮೂರನೇ ಪೋರ್ಟಿನ ವಾಯರ್ ನನ್ನ ಕೈಯಾಗ ಐತ್ರಿ. ದೀಪ ಇನ್ನೂ ಹತ್ತೇ ಐತಿ. ಹೆಂಗ್ರಿ ಇದು?”

ನಿಜ ಹೇಳಲು ಅದು ಸರಿಯಾದ ಹೊತ್ತಾಗಿತ್ತು. ಎರಡು ಮಾತು ಸಾಕಿತ್ತು. ಆದರೆ ಅವನ ಬಾಯಿಂದ ಬಂದದ್ದು ಬೇರೆ.

“ಶಾಂತಕ್ಕಾ, ವಾಯರ್ ವಾಪಸ್ ಹಾಕ್ರಿ. ಪಂಪ್ ಕೈಲೇ ಚಾಲೂ ಮಾಡಿ ಟ್ಯಾಂಕಿ ತುಂಬಸ್ರಿ. ಪೆಟ್ಟಿಗಿ ಯಾರಿಗೂ ತೋರಸಬ್ಯಾಡ್ರಿ, ಯಾರ ಮುಂದೂ ಏನೂ ಹೇಳಬ್ಯಾಡ್ರಿ. ನಾ ನೋಡ್ತೀನಿ.”

“ಆತ್ರಿ ಸರ್,” ಎಂದಳು ಶಾಂತವ್ವ. ಹೇಳಿದಷ್ಟನ್ನೂ ಮಾಡಿದಳು.

ಗುರುಪಾದ ಲ್ಯಾಪ್‌ಟಾಪಿನ ಮುಂದೆ ಕೂತು ಒಂದೊಂದೇ ಪೆಟ್ಟಿಗೆಯ ದೀಪಗಳನ್ನು ಚಿಪ್ಪಿನ ಕೈಗೆ ವಾಪಸ್ ಕೊಡತೊಡಗಿದ. ಅರವತ್ಮೂರು ಪೆಟ್ಟಿಗೆ ಆಯಿತು. ಅವುಗಳಲ್ಲಿ ಏಳು ಕಡೆ ದೀಪ ಕೂಡಲೇ ಆರಿತು. ಏಳು ವಾಯರುಗಳು ಎಂದೋ ಸತ್ತು, ಮೇಲೆ ಹಸಿರು ಹೊತ್ತುಕೊಂಡು ಕೂತಿದ್ದವು. ಫೋನುಗಳು ಮತ್ತೆ ಶುರುವಾದವು. ಅವನು ಎಲ್ಲರಿಗೂ ಉತ್ತರ ಕೊಟ್ಟ. ಮೂಡಲಗೇರಿಯದೊಂದು ಉಳಿಯಿತು. ಕಮಾಂಡು ಟೈಪು ಮಾಡಿಯೂ ಆಗಿತ್ತು, ಎಂಟರ್ ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ, ಶನಿವಾರ ಬೆಳಿಗ್ಗೆ, ಮಾಸ್ತರು ಕಾಗದವೊಂದನ್ನು ಹಿಡಿದು ಬಂದರು.

ಮೂಡಲಗೇರಿ ಪಂಪ್‌ಹೌಸಿನಲ್ಲಿ ಬುಧವಾರ ಹನ್ನೊಂದಕ್ಕೆ ವಿಚಾರಣೆಯಂತೆ. ನೀರಿಲ್ಲದೆ ಸಿಟ್ಟಾದ ಊರಿನವರು ಹಿಂದೆ ಇಲಿ ಕಡಿದ ವಾಯರನ್ನು ಕಂಡು ನೀರಿನ ಇಲಾಖೆಗೆ ದೂರು ಕೊಟ್ಟಿದ್ದರು. ವಾಯರು ಕಡಿದಿದ್ದರೆ ದೀಪ ಆರಲೇಬೇಕು. ದೀಪ ಆರಿದ್ದರೂ ಆಪರೇಟರು ‘ಐದೂ ದೀಪ ಸರಿ’ ಎಂದು ದಿನಾ ಬರೆದಿದ್ದಾಳೆ. ಅಂದರೆ ನೋಡದೆ ಬರೆದಿದ್ದಾಳೆ, ಸುಳ್ಳು ಬರೆದಿದ್ದಾಳೆ. ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಕೇಳಿ ನೋಟೀಸು ಕೊಟ್ಟಿದ್ದರು. ಪೆಟ್ಟಿಗೆ ಸರಿಯಿದೆ ಎಂದು ಸಾಕ್ಷಿ ಹೇಳಲು ಕಂಪನಿಯಿಂದ ಒಬ್ಬರು ಬರಬೇಕಂತೆ.

“ನೀನ ಹೋಗಿ ಬಾ,” ಎಂದರು ಮಾಸ್ತರು. “ಆ ಪೆಟ್ಟಿಗಿ ನಿನಗಿಂತ ಚಲೋ ಯಾರಿಗೆ ಗೊತ್ತೈತಿ?”

ಈಗ ನೋಡಿ ಅವನ ಪಾಡು. ಎಂಟರ್ ಒತ್ತಿದರೆ ಮೂಡಲಗೇರಿಯ ದೀಪವೂ ನಿಜ ಹೇಳತೊಡಗುತ್ತದೆ, ಕಡಿದ ವಾಯರಿನ ಮೇಲೆ ಆರಿ ಕೂರುತ್ತದೆ. ಆಗ ಪೆಟ್ಟಿಗೆ ಸಾಚಾ, ಶಾಂತವ್ವ ಸುಳ್ಳುಗಾತಿ. ಒತ್ತದಿದ್ದರೆ ಶಾಂತವ್ವ ಸಾಚಾ, ಸುಳ್ಳುಗಾರ ಅವನೇ. ನಾಲ್ಕು ದಿನ ಅವನು ಒತ್ತಲೂ ಇಲ್ಲ, ಅಳಿಸಲೂ ಇಲ್ಲ. ಊಟ ಸೇರಲಿಲ್ಲ. ಬುಧವಾರ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡ. ಎಷ್ಟು ಸಲ ಬೆರಳು ಎಂಟರಿನ ಮೇಲೆ ಹೋಗಿ ಬಂತೋ ಅವನಿಗೇ ಗೊತ್ತಿಲ್ಲ. ಅವನಿಗೆ ಬಂದಿದ್ದ ದಣಿವು ಈಗ ಫೋನುಗಳ ದಣಿವಾಗಿರಲಿಲ್ಲ. ಅದಕ್ಕಿಂತ ಭಾರದ್ದಾಗಿತ್ತು, ನಿದ್ದೆಯಿಂದ ಹೋಗುವಂಥದ್ದಲ್ಲ.

ಪಂಪ್‌ಹೌಸಿನಲ್ಲಿ ಒಂದು ಮೇಜು ಹಾಕಿದ್ದರು. ಇಲಾಖೆಯ ದೊಡ್ಡ ಸಾಹೇಬರು ಕೂತಿದ್ದರು. ಬಾಗಿಲಲ್ಲಿ ಊರಿನವರು ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಇಣುಕುತ್ತಿದ್ದರು. ಶಾಂತವ್ವ ಪಂಪಿನ ಪಕ್ಕ ಸೆರಗು ಹೊದ್ದು ನಿಂತಿದ್ದಳು. ಅವಳ ಡ್ಯೂಟಿ ಪುಸ್ತಕ ಸಾಹೇಬರ ಕೈಲಿತ್ತು. ಗೋಡೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಐದು ಹಸಿರು ದೀಪ. ಅವು ಉರಿಯುವುದನ್ನು ನೋಡಿ, ಕಡಿದ ವಾಯರನ್ನು ಶುಕ್ರವಾರವೇ ಬದಲಿಸಿರಬೇಕೆಂದು ಸಾಹೇಬರು ತಿಳಿದಿದ್ದರು.

“ಹೋದ ಬುಧವಾರ ಬೆಳಿಗ್ಗೆ ದೀಪ ಸರಿ. ಸಂಜೆ ಸರಿ. ಗುರುವಾರ ಸರಿ,” ಎಂದು ಸಾಹೇಬರು ಪುಸ್ತಕ ಓದಿದರು. “ನೋಡಿ ಬರೆದಿಯೋ, ಕೂತಲ್ಲೇ ಬರೆದಿಯೋ?”

“ನೋಡೇ ಬರದೇನ್ರಿ.”

“ವಾಯರ್ ಕಡಿದಿತ್ತಲ್ಲ? ದೀಪ ಹೆಂಗ ಹತ್ತಿತ್ತು?”

ಶಾಂತವ್ವ ಗುರುಪಾದನ ಕಡೆ ನೋಡಲಿಲ್ಲ. ನೆಲ ನೋಡುತ್ತ ನಿಂತಳು. ಬಾಗಿಲಲ್ಲಿ ಯಾರೋ ನಕ್ಕರು. “ಹೆಂಗಸಿನ ಕೈಯಾಗ ಪಂಪ್ ಕೊಟ್ರ ಮತ್ತೇನಾದೀತು,” ಎಂದರು ಇನ್ನಾರೋ. ಅವಳು ಅದಕ್ಕೂ ತಲೆ ಎತ್ತಲಿಲ್ಲ.

ಸಾಹೇಬರು ಪೆನ್ನು ತೆಗೆದರು. “ಕಂಪನಿಯವರು ಹೇಳ್ರಿ. ಪೆಟ್ಟಿಗೆ ಸರಿ ಐತೋ ಇಲ್ಲೋ?”

‘ಸರಿ ಐತ್ರಿ’ ಎಂದರೆ ಮುಗಿಯುತ್ತಿತ್ತು. ಊಟದ ಹೊತ್ತಿಗೆ ಹುಬ್ಬಳ್ಳಿ ಬಸ್ಸೂ ಸಿಗುತ್ತಿತ್ತು. ಗುರುಪಾದ ಎದ್ದ. ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಅವನ ನಂಬರಿನ ಚೀಟಿ ಇತ್ತು. ಪಂಪ್‌ಹೌಸಿನ ಥಂಡಿಗೆ ಅಕ್ಷರ ಅಳಿಸದಿರಲಿ ಎಂದು ಶಾಂತವ್ವ ಅದರ ಮೇಲೆ ಅಂಟುಪಟ್ಟಿ ಹಚ್ಚಿದ್ದಳು, ನಾಲ್ಕೂ ಅಂಚು ನೀಟಾಗಿ ಒತ್ತಿ. ಅದನ್ನು ನೋಡಿದ ಮೇಲೆ ಅವನಿಂದ ತಡೆಯಲಾಗಲಿಲ್ಲ.

ಅವನು ಮೊದಲನೇ ವಾಯರು ಕಿತ್ತು ಮೇಜಿನ ಮೇಲಿಟ್ಟ. ಎರಡನೆಯದು ಕಿತ್ತ. ಮೂರು, ನಾಲ್ಕು, ಐದು. ಐದೂ ಕಿಂಡಿಗಳು ಬಾಯಿ ತೆರೆದುಕೊಂಡು ನಿಂತವು. ಐದೂ ದೀಪಗಳು ಹಸಿರಾಗಿ ಉರಿಯುತ್ತಲೇ ಇದ್ದವು.

“ಆಕಿ ನೋಡೇ ಬರದಾಳ್ರಿ ಸಾಹೇಬ್ರ,” ಎಂದ ಗುರುಪಾದ. “ಸುಳ್ಳು ನನ್ನದು. ಫೋನಿನ ಕಾಟಕ್ಕ ಬ್ಯಾಸತ್ತು ದೀಪ ಆರದಂಗ ಮಾಡಿದೆ. ಶುಕ್ರವಾರ ಆಕಿ ಇದನ್ನ ಕಂಡ ಹಿಡದು ನನಗ ಹೇಳಿದಳು. ಯಾರ ಮುಂದೂ ಹೇಳಬ್ಯಾಡ ಅಂದಾವನೂ ನಾನ.”

ಬಾಗಿಲಲ್ಲಿ ಯಾರೂ ನಗಲಿಲ್ಲ. ಆಗ ಶಾಂತವ್ವ ಮೊದಲ ಸಲ ಅವನ ಮುಖ ನೋಡಿದಳು. “ನೀವು ಹೇಳಿದ್ರಿ ಅಂತ ಸುಮ್ಮನಿದ್ದೆರಿ ಸರ್,” ಎಂದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಸಾಹೇಬರು ನೋಟೀಸನ್ನು ಹರಿದು ಹಾಕಿದರು, ಪುಸ್ತಕವನ್ನು ಶಾಂತವ್ವನ ಕೈಗೆ ಕೊಟ್ಟರು. ಕಂಪನಿಗೆ ಬೇರೆ ನೋಟೀಸು ಬಂತು. ಅದನ್ನು ಓದಿದ ದಿನ ಮಾಸ್ತರು ಗುರುಪಾದನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಅವರೂ ಮುದುಕರಾಗಿದ್ದರು, ಅವರಿಗೂ ದಣಿವಿತ್ತು.

“ನೀ ದಣದೀ ಅಂತ ನನಗ ಯಾಕ ಹೇಳಲಿಲ್ಲೋ?” ಎಂದರು. “ಅರ್ಧ ಗಡ್ಡ ನೋಡೂ ನಾ ಚಹಾ ಕೊಟ್ಟು ಸುಮ್ಮನಾದೆ. ಅದು ನನ್ನ ತಪ್ಪು. ಫೋನ್ ಎತ್ತಾಕ ಇನ್ನಿಬ್ಬರನ್ನ ತಗೋತೀನಿ. ಆದರ ನಿನ್ನ ತಪ್ಪು ನಿನ್ನ ಮೈಮ್ಯಾಲಿಂದ ಇಳೀಬೇಕಲ್ಲ. ಅರವತ್ನಾಲ್ಕೂ ಊರಿಗೆ ನೀನ ಹೋಗು. ಫೋನಿನ್ಯಾಗಲ್ಲ, ಎದುರಿಗೆ. ದೀಪ ಸುಳ್ಳು ಹೇಳಿತ್ತು ಅಂತ ಹೇಳು. ಅವರ ಕೈಲೇ ವಾಯರ್ ಕೀಳಸು, ದೀಪ ಆರೂದನ್ನ ಅವರ ಕಣ್ಣಲೇ ನೋಡಲಿ.”

ಗುರುಪಾದ ಹೊರಟ. ಕೆಂಪು ಬಸ್ಸು, ಟಂಟಂ, ಕೆಲವು ಕಡೆ ಕಾಲ್ನಡಿಗೆ. ಕೆಲವರು ನಕ್ಕು ಚಹಾ ಕೊಟ್ಟರು. ಕೆಲವರು ಬಾಯಿಗೆ ಬಂದ ಹಾಗೆ ಬೈದರು. ಒಬ್ಬ ಮುದುಕ ಆಪರೇಟರು, “ಇನ್ನ ಮ್ಯಾಲೆ ನಾ ನಿನ್ನ ದೀಪ ನಂಬಂಗಿಲ್ಲಪಾ, ದಿನಾ ದಿಬ್ಬಾನ ಹತ್ತತೀನಿ,” ಎಂದು ಮಂಡಿ ಹಿಡಿದುಕೊಂಡು ದಿಬ್ಬದ ಕಡೆ ಹೋದ. ಆ ಮಂಡಿಯನ್ನು ನೋಡುತ್ತ ನಿಂತದ್ದೇ ಗುರುಪಾದನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು. ಹೀಗೆ ಎರಡು ತಿಂಗಳು ಕಳೆಯಿತು. ಚಪ್ಪಲಿಯ ಅಟ್ಟೆ ಸವೆಯಿತು.

ಮೂಡಲಗೇರಿಯನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ. ಅಲ್ಲಿಗೆ ಹೋಗಲು ಮುಖವಿರಲಿಲ್ಲ.

ಶಾಂತವ್ವ ಪಂಪ್‌ಹೌಸು ಗುಡಿಸುತ್ತಿದ್ದಳು. ಬಂದವನನ್ನು ನೋಡಿ ಕಸಬರಿಗೆ ಮೂಲೆಗಿಟ್ಟಳು. “ಬರ್ರಿ” ಎಂದಳು, ಅಷ್ಟೇ. ಅವನು ಹೇಳಬೇಕಾದದ್ದನ್ನು ಹೇಳಿದ. ಅವಳು ಕೇಳಿಸಿಕೊಂಡು ಪೆಟ್ಟಿಗೆಯ ಹತ್ತಿರ ಹೋಗಿ ಮೂರನೇ ಪೋರ್ಟಿನ ಹೊಸ ವಾಯರನ್ನು ಕಿತ್ತಳು. ದೀಪ ಆರಿತು. ಅವಳು ಆರಿದ ದೀಪವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಮೊಬೈಲು ತೆಗೆದು, ಮುಚ್ಚಳದ ಒಳಗಿನ ಚೀಟಿ ನೋಡಿ ಒಂದೊಂದೇ ಅಂಕಿ ಒತ್ತಿದಳು.

ಎರಡು ಮಾರು ದೂರದಲ್ಲಿ ನಿಂತಿದ್ದ ಗುರುಪಾದನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅದೇ ಸದ್ದು, ಅವನ ಜೀವ ಹಿಂಡಿದ ಸದ್ದು. ಅವನು ತೆಗೆದು ಕಿವಿಗಿಟ್ಟುಕೊಂಡ.

“ಸರ್, ಮೂರನೇ ದೀಪ ಹೋತ್ರಿ,” ಎಂದಳು ಶಾಂತವ್ವ, ಫೋನಿನಲ್ಲಿ, ಅವನ ಕಡೆಗೆ ಬೆನ್ನು ಮಾಡಿಯೇ.

ಗುರುಪಾದನ ಕಣ್ಣು ತುಂಬಿ ಬಂತು. ಎರಡು ತಿಂಗಳಲ್ಲಿ ಅವನಿಗೆ ಮೊದಲ ಸಲ ಮೈ ಹಗುರಾಯಿತು.

“ಬಂದೆ ಶಾಂತಕ್ಕಾ,” ಎಂದ. “ಈಗ ಬಂದೆ.”

ನೀತಿ: ಕೆಟ್ಟದ್ದನ್ನು ತಿಳಿಸಲೆಂದು ಇಟ್ಟ ದೀಪಕ್ಕೆ ಸುಳ್ಳು ಕಲಿಸಿದರೆ ದೂರುಗಳು ನಿಲ್ಲುತ್ತವೆ, ಕೆಡುವುದು ನಿಲ್ಲುವುದಿಲ್ಲ. ಅದು ಆ ದೀಪವನ್ನು ನಂಬಿದವರ ತಲೆಯ ಮೇಲೆ ಹೋಗಿ ಬೀಳುತ್ತದೆ. ದಣಿವಾದರೆ ದಣಿದಿದ್ದೇನೆಂದು ಬಾಯಿಬಿಟ್ಟು ಹೇಳಿ. ಅದರಲ್ಲಿ ನಾಚಿಕೆಯೇನಿಲ್ಲ.